ಹಂಚಿನ ಮೇಲೆ ಹೌಸಿಂಗ್ ಆಯಿಲ್

ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಪಂಪಾವತಿ ಒಲೆಯ ಮೇಲೆ ರೊಟ್ಟಿ ಹಂಚು ಇಟ್ಟಳು. ಚಿತ್ತವಾಡ್ಗಿಯ ಓಣಿಯಲ್ಲಿ ಎಂದಿನಂತೆ ನಲ್ಲಿಯಲ್ಲಿ ನೀರು ಬಂದಿತ್ತು, ಆಟೋಗಳು ಹೊರಟಿದ್ದವು. ಸಂಡೂರಿನಲ್ಲಿ ಲಾರಿ ನಿಲ್ಲಿಸಿಕೊಂಡು ಅದಿರಿನ ಲೋಡಿಗೆ ಕಾಯುತ್ತಿದ್ದ ಗಂಡ ಪರಶುರಾಮ್ ಎದೆ ಹಿಡಿದುಕೊಂಡು ಕುಸಿದು ಸತ್ತದ್ದನ್ನು ಅವಳು ಬಂದವರಿಗೆಲ್ಲ ಬೇರೆ ಯಾರದೋ ಸುದ್ದಿಯಂತೆ ಹೇಳಿದ್ದಳು. ಅಳು ಮಾತ್ರ ಬಂದಿರಲಿಲ್ಲ.

ಮೈದುನ ದುರುಗೇಶ್ ಒಳಗೆ ಬಂದ. ಇನ್ನು ಲಾರಿ ಅವನ ಕೈಗೆ. ಅವನ ಬೆರಳಿಗೆ ಹಾಲು ಹೆಚ್ಚಾದ ಚಹಾದಂಥದ್ದೇನೋ ಮೆತ್ತಿತ್ತು.

"ಅತ್ತಿಗಿ, ಅಣ್ಣ ಹೌಸಿಂಗ್‌ಗೆ ಎಂಥಾ ಆಯಿಲ್ ಹಾಕ್ಯಾನ? ಹೊಸಾದು ಜೇನುತುಪ್ಪದಂಗ ಇರ್ಬೇಕು. ಇದು ಹಾಲಾಗೇತಿ ನೋಡು."

ಹಿಂದಿನ ಗಾಲಿಗಳ ನಡುವೆ ಹಲ್ಲುಚಕ್ರಗಳಿರುವ ಗುಂಡನೆಯ ಪೆಟ್ಟಿಗೆಯೇ ಹೌಸಿಂಗ್. ಕೊನೆಯ ಟ್ರಿಪ್ಪಿನ ಹಿಂದಿನ ಸಂಜೆ ಪರಶುರಾಮ್ ತಾನೇ ಅದರ ಆಯಿಲ್ ಬದಲಿಸಿದ್ದ.

"ಹಿಂಗ ಓಡಿಸಿದ್ರ?"

"ಹಲ್ಲು ಸವೀತಾವ. ಗಣಿ ಇಳಿಜಾರಿನಾಗ ಮುರಿದ್ರ ಗೇರ್ ಹಿಡಿಯಂಗಿಲ್ಲ, ಬ್ರೇಕೊಂದ ಗತಿ. ಅಷ್ಟೆಲ್ಲ ಆಗೂದಿಲ್ಲ ಬಿಡು, ಒಂದು ಟ್ರಿಪ್ ಹೊಡ್ದು ಬಂದು ನೋಡ್ತೀನಿ."

ಪಂಪಾವತಿ ಅವನನ್ನೇ ದಿಟ್ಟಿಸಿದಳು. ಗಂಡನದೇ ಮುಖ, ಗಂಡನದೇ ಭುಜ. ಇನ್ನೊಂದು ಹೆಣ ಇದೇ ಬಾಗಿಲಲ್ಲಿ ಇಳಿಯುತ್ತದೆ, ಅದೂ ಗಂಡನ ಕೈತಪ್ಪಿನಿಂದ.

"ನಿಂದ್ರು," ಎಂದು ಅವನ ಬೆರಳನ್ನೇ ಹಿಡಿದು ಕಾದ ಹಂಚಿನ ಮೇಲೆ ಒಂದು ಹನಿ ಬೀಳಿಸಿದಳು. ಅದು ಚಟಪಟ ಸಿಡಿಯಿತು. ಅವಳು ಓದಿದ್ದು ರಸಾಯನಶಾಸ್ತ್ರ. ಬರೀ ಎಣ್ಣೆ ಹೀಗೆ ಸಿಡಿಯುವುದಿಲ್ಲ; ಆಯಿಲಿನಲ್ಲಿ ನೀರಿತ್ತು.

"ಅಯ್ಯ, ರೊಟ್ಟಿ ಹಂಚಿನ ಮ್ಯಾಲೆ ಗಾಡಿ ಎಣ್ಣಿ ಹಾಕ್ತಾಳ!" ಅತ್ತೆ ಕರೆಮ್ಮ ಕೂಗಿದಳು. "ಬುದ್ಧಿ ನೆಟ್ಟಗೈತೇನ?"

ಮೂಲೆಯಲ್ಲಿ, ಪರಶುರಾಮ್ ಪಕ್ಕದ ಓಣಿಯ ಪಕ್ಕೀರಪ್ಪನಿಂದ ಕೇಳಿ ತಂದಿದ್ದ, ಆಯಿಲ್ ಹಾಕುವ ಕೈಪಂಪು ಇತ್ತು. ಆಯಿಲ್ ತುಂಬಿದ್ದು ಅದರಿಂದಲೇ. ಅದರೊಳಗೆ ನೀರಿದ್ದಿರಬಹುದೇ? ಅವನು ನೋಡದೆ ತುಂಬಿದನೇ? ಒತ್ತಲು ಕೈ ಬರಲಿಲ್ಲ. ಕೊನೆಗೆ ಕಣ್ಣು ಮುಚ್ಚಿ ಒತ್ತಿದಳು. ಪಂಪಿನ ಬಾಯಲ್ಲಿ ಉಳಿದಿದ್ದ ಆಯಿಲ್ ಹಂಚಿಗೆ ಬಿತ್ತು.

ಸದ್ದಿಲ್ಲ. ಸುಮ್ಮನೆ ಹೊಗೆಯೆದ್ದಿತು.

"ಅವರು ಹಾಕಿದ್ದು ಸರಿ ಐತಿ," ಎಂದಳು. "ನೀರು ಆಮ್ಯಾಲೆ ಹೋಗೇತಿ. ಸಂಡೂರಿಂದ ತರೋವಾಗ ಲಾರಿ ಎಲ್ಲಿ ನೀರಿಗೆ ಇಳಿಸಿದ್ದಿ?"

ದುರುಗೇಶ್ ತಾಯಿಯ ಮುಖ ನೋಡಿದ.

"ನಾನ ಹೇಳಿದ್ದೆ," ಎಂದಳು ಕರೆಮ್ಮ. "ಸತ್ತವನ ಗಾಡಿ. ತೊಳೀದ ಹೆಂಗ ಓಣಿಗೆ ತರೂದು?"

ಸೂತಕ ಕಳೆಯಲೆಂದು ಅವನು ಮಲಪನಗುಡಿಯ ಹತ್ತಿರ ಲಾರಿಯನ್ನು ನೇರ ಕಾಲುವೆಗೇ ಇಳಿಸಿದ್ದ. ದಾರಿಯುದ್ದ ಕಾದಿದ್ದ ಹೌಸಿಂಗ್ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಗಾಳಿಯಾಡಲು ಇಟ್ಟ ಉಸಿರುಕೊಳವೆಯಿಂದ ನೀರನ್ನು ಎಳೆದುಕೊಂಡಿತ್ತು.

"ಭಾಳ ಮಸ್ತ್ ಆತು. ಗಾಡೀಗೆ ಜಳಕ, ಹೌಸಿಂಗ್‌ಗೆ ತೀರ್ಥ," ಎಂದ ದುರುಗೇಶ್.

ಅವನು ಲಾರಿಯ ಕೆಳಗೆ ಮಲಗಿ ತಳದ ಬಿರಡೆ ಬಿಚ್ಚಿದ. ಹಾಲಿನಂಥ ಆಯಿಲ್ ಬಕೆಟ್ಟಿಗೆ ಸುರಿಯಿತು. ಬಿರಡೆಯ ಅಯಸ್ಕಾಂತಕ್ಕೆ ಅಂಟಿದ್ದ ಕಪ್ಪು ಕೆಸರನ್ನು ಪಂಪಾವತಿ ಬೆರಳಲ್ಲಿ ತಿಕ್ಕಿ ನೋಡಿದಳು. ಕಬ್ಬಿಣದ ಚೂರುಗಳಿಗಾಗಿ ಹುಡುಕಿದಳು, ಸಿಗಬಾರದೆಂದುಕೊಂಡೇ. ಸಿಗಲಿಲ್ಲ; ಹಲ್ಲುಗಳು ಉಳಿದಿದ್ದವು. ಹೊಸ ಆಯಿಲ್ ತುಂಬಿಸಿ, ಉಳಿದ ನೀರು ಅದರಲ್ಲಿ ಬೆರೆತು ಬರಲೆಂದು ಅವನನ್ನು ಖಾಲಿ ಲಾರಿಯೊಡನೆ ಕಳಿಸಿದಳು. ಅವನು ಮರಳುವವರೆಗೆ ಬಾಗಿಲು ಬಿಟ್ಟು ಕದಲಲಿಲ್ಲ. ದೊಡ್ಡ ರಸ್ತೆಯ ಪ್ರತಿ ಹಾರ್ನಿಗೂ ಬಾಗಿಲ ಚೌಕಟ್ಟು ಹಿಡಿದಳು. ಬಂದಾಗ ಆಯಿಲ್ ಇನ್ನೂ ಮಂಕಾಗಿತ್ತು. ಅದನ್ನೂ ಚೆಲ್ಲಿಸಿ ಮತ್ತೆ ಹೊಸದು ತುಂಬಿಸಿದಳು.

"ಇವತ್ತು ಲೋಡ್ ಬ್ಯಾಡ."

"ಆತವ್ವಾ, ನೀನ ಮೇಸ್ತ್ರಿ," ಎಂದ ಅವನು.

ಮತ್ತೊಮ್ಮೆ ಓಡಿಸಿ ತಂದು ನೋಡಿದಾಗ ಆಯಿಲ್ ಜೇನಿನ ಬಣ್ಣದ್ದೇ ಇತ್ತು. ಹಂಚಿನ ಮೇಲೂ ಮೌನ.

ಸಂಜೆ ಅವಳು ಪಂಪನ್ನು ಸೀಮೆಎಣ್ಣೆಯಲ್ಲಿ ಒರೆಸಿ ಪಕ್ಕೀರಪ್ಪನ ಮನೆಗೆ ಒಯ್ದಳು. ಅವನ ಹೆಂಡತಿ ರೇಣುಕಮ್ಮ ಚೆಂಬು ಹಿಡಿದು ಹೊಸ್ತಿಲಿಗೆ ಬಂದಳು.

"ತಪ್ಪು ತಿಳ್ಕೋಬ್ಯಾಡವ್ವಾ. ಸೂತಕದ ಮನೀದು, ಒಂದೀಟು ನೀರು ಹಾಕಿ ಒಳಗ ತಗೋತೀನಿ."

ಪಂಪಾವತಿ ಪಂಪನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದಳು. "ನೀರು ಬ್ಯಾಡ್ರಿ! ನಿಮ್ಮ ಕಾಲು ಬೀಳ್ತೀನಿ, ಇದಕ್ಕ ನೀರು ಹಾಕಬ್ಯಾಡ್ರಿ."

ಆಗ ಬಂತು ಅಳು.

ಪಕ್ಕೀರಪ್ಪ ಹೆಂಡತಿಯ ಕೈಯಿಂದ ಚೆಂಬು ತೆಗೆದು ಕೆಳಗಿಟ್ಟ. ಹೆಗಲ ಟವೆಲ್ಲನ್ನು ಎರಡೂ ಕೈ ಮೇಲೆ ಹಾಸಿ ಚಾಚಿದ.

"ಕೊಡವ್ವಾ," ಎಂದ. "ಒಣಗಿದ್ದಂಗ ಇಡ್ತೀನಿ."

ಅವಳು ಕೊಟ್ಟಳು.