ಗೋಡೆಗೆ ಅಂಟಿಸಿದ ಸುಂಕದ ಸಂಖ್ಯೆ

ಬೆಳಿಗ್ಗೆ ಹತ್ತು ಗಂಟೆಗೆ ಆಸ್ಪತ್ರೆಯಿಂದ ಕರೆ ಬಂತು, ನನ್ನ ತಮ್ಮ ಇನ್ನಿಲ್ಲವೆಂದು. ಫೋನು ಕೆಳಗಿಟ್ಟು ಗೋಡೆ ಹಿಡಿದು ನಿಂತಿದ್ದೆ. ಐದು ನಿಮಿಷವೂ ಆಗಿರಲಿಲ್ಲ, ಮತ್ತೆ ಹೊಡೆದುಕೊಂಡಿತು. ಈ ಸಲ ಬಂದರಿನವರು, ತಮ್ಮನನ್ನು ಕೇಳಿಕೊಂಡು. "ನಿಮ್ಮ ಪೆಟ್ಟಿಗೆ ಬಂದಿದೆ, ಸುಂಕದ ಕಾಗದ ಸಲ್ಲಿಸಿ" ಎಂದರು.

ತಮ್ಮನದು ಔಷಧಿಯ ಶೀಸೆ ತುಂಬುವ ಯಂತ್ರ ಕಟ್ಟುವ ಸಣ್ಣ ಕಾರ್ಖಾನೆ. ಕೆಲವು ಬಿಡಿಭಾಗಗಳು ಹೊರದೇಶದಿಂದ ಬರಬೇಕು. ಮಣ್ಣು ಮಾಡಿ ಬಂದ ನಾಲ್ಕನೆಯ ದಿನ ಅವನ ಮಗಳು ಕಾರ್ಖಾನೆಯ ಬೀಗ ತೆಗೆದಳು. ಒಳಗೆ ಅರ್ಧ ಕಟ್ಟಿದ ಯಂತ್ರ ನಿಂತಿತ್ತು. ಔಷಧಿ ಕಂಪನಿಯವರು ದಿನಕ್ಕೆರಡು ಸಲ ಕೇಳುತ್ತಿದ್ದರು. ನನಗೆ ಕೂರಲೂ ಆಗದು, ನಿಲ್ಲಲೂ ಆಗದು. ಮನೆಯಲ್ಲಿದ್ದರೆ ಅವನ ಚಪ್ಪಲಿ ಕಣ್ಣಿಗೆ ಬೀಳುತ್ತಿತ್ತು, ಅಲ್ಲಿಗೆ ಹೋದರೆ ಅವನ ಕುರ್ಚಿ.

ಸುಂಕದ ಕಾಗದವನ್ನು ಅವನೇ ತುಂಬುತ್ತಿದ್ದ. ಮಗಳಿಗೆ ತಿಳಿಯದು. ಕಾರ್ಖಾನೆಯ ಮೇಸ್ತ್ರಿ ಗೋಡೆಯ ಕಡೆ ಕೈ ತೋರಿಸಿದ. ಹಳೆಯ ಪೆಟ್ಟಿಗೆಯೊಂದರಿಂದ ಕತ್ತರಿಸಿದ ರಟ್ಟಿನ ಚೂರು ಅಲ್ಲಿ ಅಂಟಿತ್ತು, ಅದರ ಮೇಲೊಂದು ಸಂಖ್ಯೆ, ಯಾವ ವಸ್ತುವಿಗೆ ಎಷ್ಟು ಸುಂಕ ಎಂದು ಹೇಳುವ ಪಟ್ಟಿಯದು.

"ಅದನ್ನೇ ಬರೀರಿ ಅಮ್ಮಾವ್ರೆ. ಯಜಮಾನ್ರು ನಾಲ್ಕು ಸಲ ಅದೇ ಬರೆದ್ರು. ಔಷಧಿ ಯಂತ್ರದ ಭಾಗ ಅಂತ ಸುಂಕದಲ್ಲಿ ರಿಯಾಯಿತಿನೂ ಸಿಕ್ತು, ಯಾರೂ ತುಟಿ ಪಿಟಕ್ ಅನ್ಲಿಲ್ಲ."

ಅವಳಿಗೆ ಧೈರ್ಯ ಸಾಲಲಿಲ್ಲ. ಸುಂಕದ ಕಾಗದ ಮಾಡಿಕೊಡುವ ಕಸ್ಟಮ್ಸ್ ಏಜೆಂಟ್ ಒಬ್ಬರನ್ನು ಕರೆಸಿದಳು. ಬಿಡಿಭಾಗದ ಮೇಲಿನ ಸಣ್ಣ ಅಕ್ಷರ ಓದಲು ಆಕೆಯ ಚೀಲದಲ್ಲಿ ಸದಾ ಒಂದು ಭೂತಗನ್ನಡಿ. ಹಾಗಾಗಿ ಎಲ್ಲರಿಗೂ ಭೂತಗನ್ನಡಿ ಅಕ್ಕ. ಬಂದವರೇ, "ಪೆಟ್ಟಿಗೇಲಿ ಏನೇನಿದೆ, ಒಂದೊಂದು ಮಾದರಿ ತೋರ್ಸಿ" ಎಂದರು.

ಮೇಸ್ತ್ರಿ ಹಿಂದಿನ ಸಲ ಬಂದು ಉಳಿದಿದ್ದ ಎರಡು ವಸ್ತುವನ್ನು ಮೇಜಿನ ಮೇಲೆ ಇಟ್ಟ. ಒಂದು, ಔಷಧಿ ಶೀಸೆಯೊಳಗೆ ಇಳಿಯುವ ಉಕ್ಕಿನ ಮೂತಿ. ಇನ್ನೊಂದು, ಶೀಸೆಗಳನ್ನಿಡುವ ತಟ್ಟೆ ಸರಾಗವಾಗಿ ತಿರುಗಲು ಬೇಕಾದ ಬೇರಿಂಗ್.

"ಈ ಮೂತಿ ಬೇರೆ ಯಾವ ಯಂತ್ರಕ್ಕಾದ್ರೂ ಬರುತ್ತಾ?"

"ಇಲ್ಲ, ನಮ್ಮದಕ್ಕೇ ಮಾಡಿದ್ದು."

"ಬೇರಿಂಗು?"

"ಅದು ಹಿಟ್ಟಿನ ಗಿರಣಿಗೂ ಕೂರುತ್ತೆ, ಪಂಪಿಗೂ ಕೂರುತ್ತೆ."

"ಹಾಗಾದ್ರೆ ಗೋಡೆ ಮೇಲಿನ ಸಂಖ್ಯೆ ಮೂತಿಗೆ ಮಾತ್ರ. ಬೇರಿಂಗಿಗೆ ಸುಂಕದ ಪಟ್ಟೀಲಿ ಅದರದ್ದೇ ಜಾಗ ಇದೆ. ಈ ರಿಯಾಯಿತಿ ಅದಕ್ಕಿಲ್ಲ."

ಮೇಸ್ತ್ರಿಗೆ ರೇಗಿತು. "ಇದೊಳ್ಳೆ ಕಥೆ! ನಮ್ಮ ಯಂತ್ರದೊಳಗೆ ಕೂರೋದು ನಮ್ಮ ಯಂತ್ರದ ಭಾಗ ಅಲ್ದೆ ಮತ್ತೇನು?"

"ನಮ್ಮನೇಲಿ ಊಟಕ್ಕೆ ಕೂತ ಮಾತ್ರಕ್ಕೆ ನೀವು ನಮ್ಮನೆ ಅಳಿಯ ಆಗ್ತೀರಾ ಮೇಸ್ತ್ರಿ?"

ತಂದೆ ಹೋದ ಮೇಲೆ ಹುಡುಗಿ ಮೊದಲ ಸಲ ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಅಕ್ಕಾ, ಹಾಗಾದ್ರೆ ಅಪ್ಪ ನಾಲ್ಕು ಸಲವೂ ತಪ್ಪು ಬರೆದ್ರಾ?"

ಹಳೆಯ ಕಾಗದಗಳನ್ನು ತೆಗೆಸಿ ನೋಡಿದರು. ಮೊದಲ ಪೆಟ್ಟಿಗೆಯಲ್ಲಿ ಮೂತಿಗಳು ಮಾತ್ರ ಇದ್ದವು. ಆಗ ಸಂಖ್ಯೆ ಸರಿಯೇ. ಮುಂದಿನ ಮೂರರಲ್ಲಿ ಬೇರಿಂಗುಗಳೂ ಸೇರಿದ್ದವು. ನನ್ನ ತಮ್ಮ ಗೋಡೆ ನೋಡಿ ಬರೆದಿದ್ದ, ಪೆಟ್ಟಿಗೆ ನೋಡಿರಲಿಲ್ಲ.

"ಇದನ್ನೂ ಸುಂಕದ ಕಚೇರಿಗೆ ನಾವೇ ಹೋಗಿ ಹೇಳ್ಬೇಕು" ಎಂದರು ಅಕ್ಕ.

ನನಗೆ ತಡೆಯಲಾಗಲಿಲ್ಲ. "ಸತ್ತವನ ಮೇಲೆ ತಪ್ಪು ಹೊರಿಸ್ತೀಯೇನಮ್ಮಾ? ಅವನ ಚಪ್ಪಲಿ ಇನ್ನೂ ಬಾಗಿಲಲ್ಲೇ ಇದೆ."

"ಅಣ್ಣಾ, ಗೊತ್ತಿಲ್ಲದೆ ಬರೆದದ್ದು ಅವರ ತಪ್ಪು. ಗೊತ್ತಾದ ಮೇಲೂ ಇವಳು ಅದನ್ನೇ ಬರೆದು ಸಹಿ ಹಾಕಿದ್ರೆ, ಅದು ಸುಳ್ಳು. ನಾಳೆ ಸುಂಕದವರೇ ಕಂಡುಹಿಡಿದ್ರೆ ಅಪ್ಪ ಮಗಳು ಇಬ್ಬರನ್ನೂ ಸೇರಿಸಿ ಕಳ್ಳರು ಅಂತಾರೆ" ಎಂದರು ಅಕ್ಕ.

ನಾನು ಅಂಗಳಕ್ಕೆ ಹೋದೆ, ಬಂದೆ, ಮತ್ತೆ ಹೋದೆ. ತಿರುಗಿ ಬರುವಷ್ಟರಲ್ಲಿ ಹುಡುಗಿ ಬರೆಯುತ್ತಿದ್ದಳು. ಮೂತಿಗೆ ಒಂದು ಸಾಲು, ಬೇರಿಂಗಿಗೆ ಇನ್ನೊಂದು. ಹಿಂದಿನ ಮೂರು ಪೆಟ್ಟಿಗೆಗಳ ತಪ್ಪಿಗೆ ಬೇರೆಯೇ ಪತ್ರ. "ದೊಡ್ಡಪ್ಪಾ, ಒಂದ್ಸಲ ಓದಿ ನೋಡಿ" ಎಂದು ನನ್ನ ಕೈಗಿತ್ತಳು. ಓದಿದೆ. ಎಲ್ಲೂ ತಂದೆಯನ್ನು ದೂರಿರಲಿಲ್ಲ, ಏನನ್ನೂ ಮುಚ್ಚಿರಲೂ ಇಲ್ಲ. "ಕಳಿಸು ಮಗಳೇ" ಎಂದೆ. ಮೇಸ್ತ್ರಿ ಎದ್ದು ಹೋಗಿ ರಟ್ಟಿನ ಚೂರನ್ನು ಗೋಡೆಯಿಂದ ಕಿತ್ತ.

ಎಲ್ಲವೂ ಸಲೀಸಾಗಿ ಆಯಿತೆಂದು ಹೇಳಲಾರೆ. ಸುಂಕದವರು ಪೆಟ್ಟಿಗೆ ಬಿಚ್ಚಿಸಿ ನೋಡಿದರು. ಒಂಬತ್ತು ದಿನ ಹಿಡಿಯಿತು. ಔಷಧಿ ಕಂಪನಿಯವರಿಂದ ಬೈಸಿಕೊಂಡದ್ದೂ ಆಯಿತು. ಬಾಕಿ ಸುಂಕವನ್ನು ಬಡ್ಡಿ ಸಮೇತ ಕಟ್ಟಿದೆವು. ದಂಡದ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಆದರೆ ಮೂತಿಗಳಿಗೆ ರಿಯಾಯಿತಿ ಸಿಕ್ಕಿತು, ಯಂತ್ರ ಈಗ ಓಡುತ್ತಿದೆ. ಸುಂಕದ ಅಧಿಕಾರಿ ಪತ್ರ ಓದಿ, ಗದರದೆ ಹುಡುಗಿಯನ್ನು ಕೂರಲು ಹೇಳಿದರಂತೆ.

ಬಿಡಿಭಾಗ ತರಿಸುವ ಅಣ್ಣಂದಿರೇ, ಅಕ್ಕಂದಿರೇ, ಹಳೆಯ ಕಾಗದ ನೋಡಿ ಹೊಸ ಕಾಗದ ತುಂಬಬೇಡಿ. ಪ್ರತಿ ಸಲವೂ ವಸ್ತುವನ್ನು ಕೈಯಲ್ಲಿ ಹಿಡಿದು ಕೇಳಿ: ಇದು ಏನು, ಏನು ಕೆಲಸ ಮಾಡುತ್ತದೆ, ಬೇರೆಲ್ಲಿ ಕೂರುತ್ತದೆ? ರಿಯಾಯಿತಿಯ ಆದೇಶವನ್ನು ಕೊನೆಯ ಷರತ್ತಿನವರೆಗೂ ಓದಿ. ಅನುಮಾನವಿದ್ದರೆ ಪೆಟ್ಟಿಗೆ ಹಡಗು ಹತ್ತುವ ಮೊದಲೇ ಸುಂಕದ ಕಚೇರಿಗೆ ಬರೆದು ಕೇಳಿ. ತಪ್ಪಾಗಿದ್ದರೆ ನೀವೇ ಮೊದಲು ಹೇಳಿ, ಮಕ್ಕಳ ತಲೆಗೆ ಬಿಟ್ಟು ಹೋಗಬೇಡಿ.

ದೇವರೇ, ನನ್ನ ತಮ್ಮ ಗೊತ್ತಿದ್ದು ಯಾರಿಗೂ ಮೋಸ ಮಾಡಿದವನಲ್ಲ. ಗೊತ್ತಿಲ್ಲದೆ ಆದದ್ದನ್ನು ಅವನ ಮಗಳು ತಿದ್ದಿದ್ದಾಳೆ. ಇನ್ನು ಅವನನ್ನು ನಿನ್ನ ನೆರಳಿನಲ್ಲಿ ನೆಮ್ಮದಿಯಾಗಿ ಮಲಗಿಸಿಕೋ, ತಂದೆಯೇ.