ಜುಂಜಮ್ಮ ನೋಡಿದ ಧಾರಾವಾಹಿ

ಜುಂಜಮ್ಮ ಟಿ.ವಿ.ಯನ್ನು ಎಂದೂ ಕುಳಿತು ನೋಡಿದವಳಲ್ಲ. ದೊಡ್ಡೇರಿಯ ಪಂಚಾಯಿತಿ ಕಚೇರಿಯ ಹಜಾರದಲ್ಲಿ ಭಾನುವಾರ ಬೆಳಿಗ್ಗೆ ಹೆಂಗಸರೂ ಮಕ್ಕಳೂ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ನೆಲದ ಮೇಲೆ ಕಿಕ್ಕಿರಿದಿರುವಾಗ, ಆಕೆಯೊಬ್ಬಳು ಮಾತ್ರ ಬಲಗಡೆಯ ಗೋಡೆಗೆ ಹೆಗಲು ಕೊಟ್ಟು, ಒಂದು ಕಾಲಿನ ಮೇಲೆ ಭಾರ ಬಿಟ್ಟು, ಕುರಿ ಕಾಯುವವರು ದಿಣ್ಣೆಯ ಮೇಲೆ ನಿಲ್ಲುವ ಭಂಗಿಯಲ್ಲಿ ಧಾರಾವಾಹಿ ಮುಗಿಯುವವರೆಗೂ ನಿಂತೇ ಇರುತ್ತಿದ್ದಳು. ಯಾರಾದರೂ ಜಾಗ ಮಾಡಿ ಕರೆದರೆ ಆಕೆಯ ಉತ್ತರ ಸಿದ್ಧವಾಗಿರುತ್ತಿತ್ತು: "ಒಂದು ಮನೇಲಿ ಜಗಳ ಆಗ್ತಿರೋವಾಗ ಯಾರಾನಾ ಕುಂತ್ಕಂತಾರೇನವ್ವ? ಬುಡ್ಸಾಕೆ ಒಬ್ರು ನಿಂತಿರ್ಬೇಕು. ಸುಳ್ಳಾ?"

ಈ 'ಸುಳ್ಳಾ' ಎಂಬುದು ಆಕೆಯ ಮಾತಿನ ಪೂರ್ಣವಿರಾಮ. ಉತ್ತರವನ್ನು ಬಯಸುವ ಪ್ರಶ್ನೆ ಅದಾಗಿರಲಿಲ್ಲ. ಐವತ್ತರ ಆಸುಪಾಸಿನ, ಎತ್ತರದ, ಬಡಕಲು ದೇಹದ ಹೆಂಗಸು. ರವಿಕೆಯ ಹಂಗಿಲ್ಲದೆ ಸೆರಗನ್ನು ಬಿಗಿದು ಉಡುವ ಹಳೆಯ ರೀತಿ. ಬೇಸಿಗೆಯಲ್ಲೂ ಹೆಗಲಿನಿಂದಿಳಿಯದ ಕರಿಕಂಬಳಿ. ಬೀದಿಯಲ್ಲಿ ಒಬ್ಬಳೇ ಬರುತ್ತಿದ್ದರೂ ನಾಲ್ಕು ಹೆಜ್ಜೆ ನಡೆದು, ನಿಂತು, ಎಡಬಲ ನೋಡಿ, ಮತ್ತೆ ನಡೆಯುವಳು. ಅವಳ ಮುಂದೆ ಒಂದು ಮಂದೆ ಸಾಗುತ್ತಿದೆಯೇನೋ, ಅದು ನಮಗೆ ಮಾತ್ರ ಕಾಣುತ್ತಿಲ್ಲವೇನೋ ಎನ್ನಿಸುತ್ತಿತ್ತು.

ಇದು ಎಂಬತ್ತಾರು, ಎಂಬತ್ತೇಳನೆಯ ಇಸವಿಗಳ ಮಾತು. ಪಂಚಾಯಿತಿಗೆ ಹೊಸದಾಗಿ ಟಿ.ವಿ. ಬಂದಿತ್ತು. ಅದರ ಬೀಗದ ಕೈ ಜವಾನ ಗಂಗಯ್ಯನ ಸೊಂಟದಲ್ಲಿರುತ್ತಿತ್ತು. ಮಾಳಿಗೆಯ ಮೇಲೆ ಆಂಟೆನಾದ ಗಳುವನ್ನು ತಿರುಗಿಸಿ ತಿರುಗಿಸಿ ಚಿತ್ರ ಹಿಡಿಯುವ ಹೊಣೆಯೂ ಅವನದೇ. ಭಾನುವಾರ ಬರುತ್ತಿದ್ದ ಧಾರಾವಾಹಿ ಹಿಂದಿಯದು. ಊರಿನಲ್ಲಿ ಹಿಂದಿ ಬಲ್ಲವನು ಪ್ರೌಢಶಾಲೆಯ ಹಿಂದಿ ಮೇಷ್ಟ್ರಾದ ನಾನೊಬ್ಬನೇ. ಆದ್ದರಿಂದ ನನಗೊಂದು ಕುರ್ಚಿಯನ್ನು ಟಿ.ವಿ.ಯ ಪಕ್ಕಕ್ಕೇ ಹಾಕಿಸಿ, ಅಲ್ಲಿ ಆಡುವ ಮಾತನ್ನೆಲ್ಲ ಆಗಿಂದಾಗಲೇ ಕನ್ನಡದಲ್ಲಿ ಹೇಳುವ ಕೆಲಸವನ್ನು ಊರಿನ ಹೆಂಗಸರು ನನ್ನ ತಲೆಗೆ ಕಟ್ಟಿದ್ದರು.

ಕಥೆ ಸರಳವಾದದ್ದು. ಉತ್ತರದೇಶದ ಒಂದು ಸಿರಿವಂತರ ಮನೆ. ತಲೆಯ ಮೇಲೆ ಸೆರಗು ಹೊದ್ದು ಸದಾ ದೇವರ ಮುಂದೆ ಕಣ್ಣೀರಿಡುವ ಹಿರಿಯ ಹೆಂಡತಿ. ಮಕ್ಕಳಿಲ್ಲವೆಂದು ಗಂಡ ಕಟ್ಟಿಕೊಂಡು ಬಂದ ಕಿರಿಯಳು. ಅವಳಿಗೆ ಓರೆಗಣ್ಣಿನ ನೋಟ, ಬಣ್ಣದ ಸೀರೆ, ದಿನಕ್ಕೊಂದು ಕುತಂತ್ರ. ಗಂಡ ವಾರಕ್ಕೊಮ್ಮೆ ಕೋಟು ತೊಟ್ಟು ಬಂದು, ಪೇಪರು ಓದಿ, ಕಾರು ಹತ್ತಿ ಹೋಗುವನು. ಕಿರಿಯಳು ತೆರೆಯ ಮೇಲೆ ಕಾಣಿಸಿಕೊಂಡ ಕೂಡಲೇ ಹಜಾರದಲ್ಲಿ ಲಟಿಕೆ ಮುರಿಯುವ ಸದ್ದು. ಬೈಗುಳದ ಮಳೆಯಲ್ಲಿ ನನ್ನ ಅನುವಾದ ಯಾರಿಗೂ ಕೇಳಿಸದೆ ಹೋಗುತ್ತಿತ್ತು.

ಜುಂಜಮ್ಮ ಈ ಮೇಳದಲ್ಲಿ ಸೇರುತ್ತಿರಲಿಲ್ಲ. ತೆರೆಯ ಮೇಲಿನವರನ್ನು ಆಕೆ ಪಕ್ಕದ ಹಟ್ಟಿಯವರನ್ನು ಮಾತಾಡಿಸುವಂತೆಯೇ ಮಾತಾಡಿಸುವಳು. ಹಿರಿಯಳು ಅಳತೊಡಗಿದರೆ, "ಎದ್ದೇಳೆ! ಅಳ್ತಾ ಕುಂತ್ರೆ ಒಲೆ ಉರೀತದಾ?" ಎಂದು ಗದರುವಳು. ನಡುವೆ ಸೋಪಿನ ಜಾಹೀರಾತು ಬಂದರೆ ಅದನ್ನೂ ಕಥೆಗೇ ಸೇರಿಸಿಕೊಂಡು, ಸ್ನಾನ ಮಾಡುವ ಹುಡುಗಿ ಹಿರಿಯಳ ತಂಗಿಯೆಂದೂ, ಅಕ್ಕನ ಮನೆ ಹೀಗೆ ಹೊತ್ತಿ ಉರಿಯುತ್ತಿರುವಾಗ ಇವಳ ಮೀಯುವ ಸಂಭ್ರಮ ನೋಡಿರೆಂದೂ ನೊಂದುಕೊಳ್ಳುವಳು. ನಾನು ತಿದ್ದಲು ಹೋಗಿ ಸೋತಿದ್ದೇನೆ. ಕಿರಿಯಳನ್ನು ಬೈಯುವ ಸರದಿ ಬಂದಾಗ ಮಾತ್ರ ಆಕೆಯ ಪ್ರಶ್ನೆ ಒಂದೇ: "ಅವ್ಳು ಕಾಲಾಗೆ ನಡ್ಕಂಡು ತಾನೇ ಬಂದ್ಳಾ? ಕರ್ಕಂಬಂದೋನು ಎಲ್ಲವ್ನೆ? ಅವನ್ನ ಯಾಕೆ ಒಬ್ರೂ ಬೈಯಾಕಿಲ್ಲ?"

ಈ ಪ್ರಶ್ನೆಯ ಹಿಂದೆ ಏನಿದೆಯೆಂಬುದು ಊರಿಗೆಲ್ಲ ಗೊತ್ತಿತ್ತು. ನನಗೆ ನಿಧಾನವಾಗಿ ತಿಳಿಯಿತು. ಜುಂಜಮ್ಮನ ಗಂಡ ಬೋರಣ್ಣ, ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಾಗಲಿಲ್ಲವೆಂದು, ಪಾವಗಡದಾಚೆ ರಾಯಚರ್ಲಿನ ಕಡೆಯಿಂದ ಕೆಂಪಕ್ಕ ಎಂಬ ಹುಡುಗಿಯನ್ನು ಎರಡನೆಯವಳಾಗಿ ತಂದಿದ್ದ. ಅದೇ ವಾರ ಜುಂಜಮ್ಮ ತನ್ನ ಪಾಲಿನ ಕುರಿಗಳನ್ನು ಬೇರೆ ಮಾಡಿಕೊಂಡು, ಗೊಲ್ಲರಹಟ್ಟಿಯ ಕೊನೆಯಲ್ಲಿ ಬೇರೆ ಗುಡಿಸಲು ಹಾಕಿಕೊಂಡಳು. ಕೂಗಳತೆಯಲ್ಲಿದ್ದೂ ಆಕೆ ಕೆಂಪಕ್ಕನೊಡನೆ ಇಪ್ಪತ್ತು ವರ್ಷದಿಂದ ಒಂದು ಮಾತೂ ಆಡಿರಲಿಲ್ಲ. ಕೆಂಪಕ್ಕನಿಗೆ ಒಬ್ಬ ಮಗಳು ಹುಟ್ಟಿ, ಬೆಳೆದು, ಜುಂಜಮ್ಮನ ಅಂಗಳದಲ್ಲೇ ಆಡಿ ದೊಡ್ಡವಳಾದರೂ ತಾಯಿಯೊಡನೆ ಮಾತಿಲ್ಲ. ಬೋರಣ್ಣ ಎರಡು ಮನೆಯಲ್ಲೂ ಉಂಡು ಹಟ್ಟಿಯ ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿರುವನು. ನಾನೊಮ್ಮೆ ಈ ವಿಷಯವೆತ್ತಿದಾಗ, "ಅದು ಹೆಂಗಸ್ರ ಜಗಳ ಮೇಷ್ಟ್ರೆ, ಅದ್ರಾಗೆ ನಂಗೇನು ಗೊತ್ತಾಯ್ತದೆ?" ಎಂದು ಸಾವಧಾನವಾಗಿ ಸುಣ್ಣ ಸವರಿಕೊಂಡ.

ಕೆಂಪಕ್ಕನೂ ಮಗಳೊಡನೆ ಭಾನುವಾರ ಬರುತ್ತಿದ್ದಳು. ಬಾಗಿಲ ಬಳಿ ಕಂಬದ ಮರೆಯಲ್ಲಿ, ತಲೆ ತಗ್ಗಿಸಿ ಕೂರುವಳು. ಇಡೀ ಹಜಾರ ತೆರೆಯ ಮೇಲಿನ ಸವತಿಗೆ ಶಾಪ ಹಾಕುವಾಗ ಅವಳ ಮುಖ ಹೇಗಿರುತ್ತಿತ್ತೆಂದು ನೋಡಿದವರು ಕಡಿಮೆ.

ಒಂದು ಭಾನುವಾರ ಧಾರಾವಾಹಿಯಲ್ಲಿ ಕಿರಿಯಳ ಕುತಂತ್ರ ಬಯಲಾಯಿತು. ಮನೆಯವರು ಅವಳ ಪೆಟ್ಟಿಗೆಯನ್ನು ಹೊಸಿಲಾಚೆ ಎಸೆದರು. ಅವಳು ಬಾಗಿಲು ಹಿಡಿದು ಅತ್ತಳು. ಹಜಾರದಲ್ಲಿ ಕೇಕೆ, ಚಪ್ಪಾಳೆ. ದಿನಸಿ ಅಂಗಡಿಯ ಅಶ್ವತ್ಥಮ್ಮ ಹಿಂದಕ್ಕೆ ತಿರುಗಿ, ಎಲ್ಲರಿಗೂ ಕೇಳುವಂತೆ, "ನೋಡ್ಕಳೆ ಕೆಂಪಕ್ಕ, ಸವತಿಯಾಗಿ ಬಂದೋಳಿಗೆ ಕೊನೇಗೆ ಇದೇ ಗತಿ!" ಎಂದಳು. ಅಶ್ವತ್ಥಮ್ಮ ಕೆಟ್ಟವಳಲ್ಲ, ಮಾತು ಬಾಯಿಗೆ ಬಂದಿತ್ತು, ಆಡಿದಳು. ಆದರೆ ಹಜಾರಕ್ಕೆ ಹಜಾರವೇ ತಿರುಗಿ ನಕ್ಕಿತು. ಕೆಂಪಕ್ಕ ಎದ್ದು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಮಗಳ ಕೈಹಿಡಿದು ಬಾಗಿಲ ಕಡೆ ಹೊರಟಳು.

ಜುಂಜಮ್ಮ ಗೋಡೆಯನ್ನು ಬಿಟ್ಟು ಮುಂದೆ ಬಂದಳು. ಕುಳಿತವರನ್ನು ದಾಟಿ, ಟಿ.ವಿ.ಗೆ ಬೆನ್ನು ಮಾಡಿ, ಅದು ಯಾರಿಗೂ ಕಾಣದಂತೆ ಅಡ್ಡ ನಿಂತಳು.

"ಅಶ್ವತ್ಥಮ್ಮ, ನಕ್ಕಿದ್ದು ಸಾಕು ಬುಡು. ಇವ್ಳು ಬಂದಾಗ ಎಳೇ ಕೂಸು. ಕಟ್ಕಂಡೋನಿಗೆ ಹೆಂಡ್ತಿ ಅವ್ಳೆ ಅಂತ ಇವ್ಳಿಗೆ ಒಬ್ರೂ ಏಳಿರ್ಲಿಲ್ಲ ಕಣಮ್ಮ. ಹಟ್ಟಿ ಬಾಗ್ಲಾಗೆ ನನ್ನ ನೋಡಿ ಅತ್ತೆ ಅಂದ್ಕಂಡು ಕಾಲಿಗೆ ಬಿದ್ಲು. ನಾನು ಕಾಲು ಹಿಂದಕ್ಕೆಳ್ಕಂಡೆ. ಆ ಕೂಸು ಅಂಗೇ ನೆಲದ ಮ್ಯಾಲೆ ಉಳ್ಕಂಡ್ತು. ಯಾರೂ ಎತ್ಲಿಲ್ಲ, ನಾನೂ ಎತ್ಲಿಲ್ಲ. ನಗಂಗಿದ್ರೆ ನನ್ನ ನೋಡಿ ನಗ್ರಿ."

ಆಕೆಯ ಬೆನ್ನ ಹಿಂದೆ ಯಾವುದೋ ಹಿಂದಿ ಹಾಡು ಕೇಳುತ್ತಿತ್ತು. ಜುಂಜಮ್ಮ ಬಾಗಿಲ ಕಡೆ ನೋಡಿ, ಇಪ್ಪತ್ತು ವರ್ಷದ ಮೊದಲ ಮಾತನ್ನು ಆಡಿದಳು: "ಕುಂತ್ಕಳೆ. ಕತೆ ಇನ್ನೂ ಮುಗ್ದಿಲ್ಲ."

ಕೆಂಪಕ್ಕ ಬಾಗಿಲಿಂದ ಹಿಂತಿರುಗಿ ಬಂದು ಕುಳಿತಳು. ಜುಂಜಮ್ಮ ತನ್ನ ಗೋಡೆಗೆ ಹಿಂತಿರುಗಿದಳು. ನಾನು ಆ ವಾರ ಉಳಿದ ಭಾಗವನ್ನು ಅನುವಾದ ಮಾಡಲಿಲ್ಲ, ಯಾರೂ ಕೇಳಲಿಲ್ಲ.

ಅನಂತರ ಅವರಿಬ್ಬರೂ ಅಕ್ಕತಂಗಿಯರಂತಾದರು ಎಂದು ಬರೆದರೆ ಅದು ಸುಳ್ಳಾದೀತು. ಗುಡಿಸಲು ಬೇರೆಯಾಗಿಯೇ ಉಳಿಯಿತು. ಆದರೆ ಭಾನುವಾರ ಮನೆಗೆ ಹೋಗುವಾಗ ಜುಂಜಮ್ಮ ಮುಂದೆ, ಕೆಂಪಕ್ಕ ಹತ್ತು ಮಾರು ಹಿಂದೆ, ಧಾರಾವಾಹಿಯ ಕುರಿತು ಕೂಗಿ ಕೂಗಿ ವಾದಿಸುತ್ತಾ ಹೋಗುವುದನ್ನು ಊರು ಕಂಡಿತು. ವಿಚಿತ್ರವೆಂದರೆ ಕೆಂಪಕ್ಕ ಯಾವಾಗಲೂ ಹಿರಿಯಳ ಪಕ್ಷ. "ಪಾಪಂ ಅಕ್ಕಾ, ಆ ದೊಡ್ಡಮ್ಮ ಏಂ ಮಾಡ್ತದೆ, ಮನಸು ಎಷ್ಟು ನೊಂದೈತೋ!" ಎಂದು ಗಡಿಸೀಮೆಯ ತೆಲುಗು ಬೆರೆಸಿ ಅವಳು ಮರುಗಿದರೆ, ಜುಂಜಮ್ಮ ಹಿಂತಿರುಗಿಯೂ ನೋಡದೆ, "ನಿಂದೊಂದು ಪಾಪ! ಆ ಚಿಕ್ಕೋಳು ಎಲ್ಲಿಗೋದ್ಲೋ, ಉಂಡ್ಲೋ ಬುಟ್ಲೋ, ಅದನ್ನ ಯೋಚ್ನೆ ಮಾಡು" ಎನ್ನುವಳು.

ಮರುವರ್ಷ ಸುಗ್ಗಿ ಮುಗಿದ ಮೇಲೆ ಬೋರಣ್ಣ ಕೆಂಪಕ್ಕನ ಮಗಳಿಗೆ ಗಂಡು ನೋಡಿ ಬಂದ. ಶಿರಾ ತಾಲ್ಲೂಕಿನ ಗೌಡಗೆರೆಯ ಹತ್ತಿರದ ಹಟ್ಟಿ. ಒಳ್ಳೆಯ ಮಂದೆ, ಕಡಲೆಕಾಯಿ ಬೆಳೆಯುವ ಹೊಲ. ಗಂಡಿಗೆ ಆಗಲೇ ಒಬ್ಬ ಹೆಂಡತಿಯಿದ್ದಾಳೆಂಬುದನ್ನು ಬೋರಣ್ಣ ಎಲ್ಲಕ್ಕೂ ಕೊನೆಯಲ್ಲಿ ಹೇಳಿದನಂತೆ. ಕೆಂಪಕ್ಕ ಎದುರಾಡದೆ ಒಳಗೆ ಹೋಗಿ ಒಲೆಯ ಮುಂದೆ ಕುಳಿತಳು. ಮಗಳು ಜುಂಜಮ್ಮನ ಗುಡಿಸಲಿಗೆ ಓಡಿದಳು.

ಜುಂಜಮ್ಮ ಗಂಡನೊಡನೆ ವಾದಕ್ಕಿಳಿಯಲಿಲ್ಲ. ಮರುದಿನ ಕೆಂಪಕ್ಕನನ್ನು ಹೊರಡಿಸಿಕೊಂಡು ಮಧುಗಿರಿಗೆ ಹೋಗಿ, ಅಲ್ಲಿಂದ ಶಿರಾ ಬಸ್ಸು ಹಿಡಿದು ಗೌಡಗೆರೆಯ ಆ ಹಟ್ಟಿಯನ್ನು ಹುಡುಕಿಕೊಂಡು ಹೋದಳು. ಅಲ್ಲಿ ನಡೆದುದನ್ನು ನನಗೆ ಹೇಳಿದವಳು ಕೆಂಪಕ್ಕ. ಗಂಡಸರು ಮಂದೆಯ ಜೊತೆ ಹೋಗಿದ್ದ ಹೊತ್ತು. ಆ ಮನೆಯ ಸೊಸೆ ಬಂದವರಿಗೆ ಚೊಂಬಿನಲ್ಲಿ ನೀರು ತಂದಳು. ಜುಂಜಮ್ಮ ನೀರು ಕುಡಿದು ಕೇಳಿದಳಂತೆ: "ನಿನ್ ಗಂಡ ಇನ್ನೊಂದು ಮದ್ವೆ ಆಗ್ತಾವ್ನೆ. ನಿಂಗೆ ಏಳವ್ರಾ?"

"ಯಾವ ಮದ್ವೆ?" ಎಂದಳು ಆ ಹೆಂಗಸು.

"ಇವ್ಳ ಮಗಳನ್ನ. ಹೆಣ್ಣಿನ ಕಡೆಯೋರು ನಾವೇ. ನಮಗೆ ಬ್ಯಾಡ. ನಿಂಗೆ ಬೇಕಾ?"

ಆ ಹೆಂಗಸು ಇಬ್ಬರನ್ನೂ ಒಳಗೆ ಕರೆದು ಮುದ್ದೆ ಬಡಿಸಿ, ಅವರನ್ನು ಬಸ್ಸಿಗೆ ಹತ್ತಿಸಿ, ಅಲ್ಲಿಂದ ನೇರವಾಗಿ ತನ್ನ ಅಣ್ಣತಮ್ಮಂದಿರ ಊರಿಗೆ ನಡೆದಳಂತೆ. ಸಂಬಂಧ ಬೇಡವೆಂದು ಗಂಡಿನ ಕಡೆಯಿಂದಲೇ ಹೇಳಿಕಳಿಸಿದರು. ಬೋರಣ್ಣ ಮೊದಲ ಬಾರಿಗೆ ಕಟ್ಟೆಯಿಂದ ಇಳಿದು ಬಂದು ಜುಂಜಮ್ಮನ ಬಾಗಿಲಲ್ಲಿ ಕೂಗಾಡಿದ: "ಮಾತು ಕೊಟ್ಟು ಬಂದಿದ್ದೆ ಕಣೆ! ಜನದ ಮುಂದೆ ಮಕ ಎಂಗೆ ತೋರುಸ್ಲಿ?"

"ಮಾತು ನಂಗೂ ಕೊಟ್ಟಿದ್ದೆ" ಎಂದಳು ಜುಂಜಮ್ಮ. ಅವನು ಕಟ್ಟೆಗೆ ಹಿಂತಿರುಗಿದ. ಹುಡುಗಿಯನ್ನು ಮುಂದೆ ಕೊರಟಗೆರೆಯ ಕಡೆಗೆ, ಮೊದಲ ಮದುವೆಯ ಗಂಡಿಗೇ ಕೊಟ್ಟರು. ಆ ಮದುವೆಯಲ್ಲಿ ಧಾರೆಯ ಹೊತ್ತಿಗೆ ಹುಡುಗಿಯ ಹಿಂದೆ ನಿಂತಿದ್ದವರು ಇಬ್ಬರು ತಾಯಂದಿರು.

ಧಾರಾವಾಹಿ ಅಷ್ಟರಲ್ಲಿ ಮುಗಿದಿತ್ತು. ಕೊನೆಯ ಕಂತಿನಲ್ಲಿ ಹಿರಿಯಳು ಎಲ್ಲರನ್ನೂ ಕ್ಷಮಿಸಿ, ಕಿರಿಯಳನ್ನು ಕರೆತಂದಳು. ಇಬ್ಬರೂ ಗಂಡನ ಕಾಲಿಗೆ ಬಿದ್ದರು. ಅವನು ಇಬ್ಬರ ತಲೆಯ ಮೇಲೂ ಕೈಯಿಟ್ಟು ಮುಗುಳ್ನಕ್ಕ. ಹಜಾರದಲ್ಲಿ ಎಲ್ಲರ ಸೆರಗೂ ಕಣ್ಣಿಗೆ ಹೋಯಿತು. ಜುಂಜಮ್ಮ ನನ್ನತ್ತ ತಿರುಗಿದಳು.

"ಅವ್ನು ಏನಂದ ಮೇಷ್ಟ್ರೆ?"

"ಏನೂ ಅನ್ನಲಿಲ್ಲ ಜುಂಜಮ್ಮ, ನಕ್ಕ ಅಷ್ಟೆ."

"ನೀವು ಸರ್ಯಾಗಿ ಕೇಳುಸ್ಕಣ್ಲಿಲ್ಲ" ಎಂದು ಖಂಡಿತವಾಗಿ ಹೇಳಿ ಆಕೆ ಹೊರಟುಹೋದಳು.

ಕೆಲವು ತಿಂಗಳ ಮೇಲೆ, ನನಗೆ ವರ್ಗವಾಗುವ ಮುನ್ನ, ಮತ್ತೊಂದು ಧಾರಾವಾಹಿ ಬಂತು. ಹಿಂದಿನದರಲ್ಲಿ ಹಿರಿಯಳಾಗಿದ್ದ ನಟಿಯೇ ಇದರಲ್ಲಿ ಆಸ್ಪತ್ರೆಯ ಡಾಕ್ಟರಾಗಿ, ಬಿಳಿಯ ಕೋಟು ತೊಟ್ಟು, ತಲೆಯ ಮೇಲೆ ಸೆರಗಿಲ್ಲದೆ ಬಂದಳು. ಜುಂಜಮ್ಮ ಅವಳನ್ನು ಕೂಡಲೇ ಗುರುತಿಸಿ, ಹಜಾರವೆಲ್ಲ ತಿರುಗಿ ನೋಡುವಂತೆ ಕೂಗಿದಳು: "ಕೆಂಪಿ, ನೋಡ್ಲೇ, ಆ ಮನೆ ಬುಟ್ಟು ಬಂದ್ಬುಟ್ಲು! ಓದ್ಕಂಡವ್ಳೆ!" ಆಕೆಯ ಮುಖದಲ್ಲಿ ಅಂದು ಕಂಡ ಸಂತೋಷವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಇದು ಬೇರೆ ಕಥೆಯೆಂದು ಹೇಳುವುದು ಅನುವಾದಕನಾದ ನನ್ನ ಕರ್ತವ್ಯವಾಗಿತ್ತು. ನಾನು ಹೇಳಲಿಲ್ಲ.

ಪಾತ್ರ, ಸನ್ನಿವೇಶ, ಮುಕ್ತಾಯ ಎಂಬ ಮಾತುಗಳನ್ನು ತರಗತಿಯಲ್ಲಿ ಪಾಠ ಹೇಳಿ ಜೀವನ ಸಾಗಿಸಿದವನು ನಾನು. ಜುಂಜಮ್ಮನಂಥವರಿಗೆ ಈ ಮಾತುಗಳ ಅಗತ್ಯ ಬೀಳುವುದಿಲ್ಲ. ಕಥೆಯಲ್ಲಿ ಬಂದವರೆಲ್ಲ ಅವರಿಗೆ ಮನುಷ್ಯರೇ. ಆದ್ದರಿಂದ ಅವರ ಕಷ್ಟಕ್ಕೆ ಹಕ್ಕಿನಿಂದ ಕೈಹಾಕುತ್ತಾರೆ, ತಪ್ಪು ತಿಳಿಯುತ್ತಾರೆ, ಜಗಳವಾಡುತ್ತಾರೆ, ಹಾಗೆ ಆಡುತ್ತಾ ಆಡುತ್ತಾ ತಮ್ಮ ಮನೆಯ ಬಾಗಿಲಿಗೆ ಬಂದು ಮುಟ್ಟುತ್ತಾರೆ. ಇಂಥವರು ಪ್ರತಿ ಊರಿನಲ್ಲೂ ಒಬ್ಬಿಬ್ಬರಿರುತ್ತಾರೆ. ಕಥೆ ಕಟ್ಟಿದವನು ಎಂದಾದರೂ ಅವರ ಕೈಗೆ ಸಿಕ್ಕಿದರೆ, ಮೊದಲು ಕೂರಿಸಿ ಊಟಕ್ಕಿಡುತ್ತಾರೆ. ಕೈ ತೊಳೆದ ಮೇಲೆ, ಆ ಹೆಣ್ಣಿಗೆ ಹೀಗೇಕೆ ಮಾಡಿದೆ ಎಂದು ಕೇಳದೆ ಅವನನ್ನು ಕಳಿಸುವುದಿಲ್ಲ.