ಹೊಡೆದು ಹಾಕಿದ ಉತ್ತರ

ಹನ್ನೊಂದನೇ ಪ್ರಶ್ನೆ ಬಂದರೆ ಸಾಕು, ಮೆಣಸಿನಕಾಯಿ ಮೇಡಂಗೆ ಮೈ ಉರಿಯುತ್ತಿತ್ತು. ಮೌಲ್ಯಮಾಪನ ಕೇಂದ್ರದಲ್ಲಿ ಆ ಹೆಸರಿಟ್ಟವರು ಯಾರೋ, ಸುಳ್ಳಂತೂ ಹೇಳಿರಲಿಲ್ಲ. ಮೂರು ದಿನದಿಂದ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಕಾಯಂ ಮೇಷ್ಟ್ರುಗಳಿಗೆ ಫ್ಯಾನಿನ ಕೆಳಗೆ ಕುರ್ಚಿ, ಪಿಂಗಾಣಿ ಕಪ್ಪಿನಲ್ಲಿ ಟೀ. ಅವಳಂಥ ಗುತ್ತಿಗೆಯವರಿಗೆ ಬಾಗಿಲ ಬಳಿ ಮಕ್ಕಳ ಬೆಂಚು, ಪೇಪರ್ ಲೋಟ. ಆ ಬೆಂಚಿನಲ್ಲಿ ಕೂತು ಎದ್ದರೆ ಮಂಡಿ ನೆಟ್ಟಗಾಗಲು ಐದು ನಿಮಿಷ ಬೇಕು.

ಆ ಪ್ರಶ್ನೆ ಹಳೆಯ ಕಾದಂಬರಿಯೊಂದರದು. ದೊಡ್ಡಮನೆಯ ಮಗಳೂ ಆ ಮನೆಯ ಕಪ್ಪು ಆಳಿನ ಮಗಳೂ ಅದೇ ಆಳಿನ ಮಡಿಲಲ್ಲಿ ಬೆಳೆಯುತ್ತಾರೆ. ದೊಡ್ಡಮನೆಯ ಮಗಳ ಮದುವೆ ದಿನ ಆಳಿನ ಮಗಳಿಗೆ ಹಿತ್ತಿಲಲ್ಲಿ ತಗಡಿನ ತಟ್ಟೆ ಇಡುತ್ತಾರೆ. ಇವಳು ಅದನ್ನು ಒದ್ದು ಹೋಗುತ್ತಾಳೆ. ಎರಡು ಮನೆಗಳೂ ಮೂರು ತಲೆಮಾರು ಹೊಡೆದಾಡುತ್ತವೆ. ಪಠ್ಯಪುಸ್ತಕಕ್ಕಾಗಿ ಅದನ್ನು ಚಿಕ್ಕದು ಮಾಡಿದ ಪುಣ್ಯಾತ್ಮರು ಬಣ್ಣವನ್ನೂ ತೆಗೆದರು, ತಟ್ಟೆಯನ್ನೂ ತೆಗೆದರು. ಜಗಳ ಮಾತ್ರ ಉಳಿಯಿತು. ‘ವೈರಕ್ಕೆ ಕಾರಣವೇನು?’ ಎಂದರೆ ಮಾದರಿ ಉತ್ತರ ಹೀಗೆ: ತಪ್ಪು ತಿಳುವಳಿಕೆ, ದುಡುಕು, ಚಾಡಿ ಮಾತು. ಇನ್ನೂರು ಮಕ್ಕಳು ಅದನ್ನೇ ಗಿಳಿಪಾಠ ಒಪ್ಪಿಸಿದ್ದರು. ಇನ್ನೂರು ಸಲವೂ ಅವಳು ಹಲ್ಲು ಕಚ್ಚಿ ನಾಲ್ಕು ಅಂಕ ಕೊಟ್ಟಿದ್ದಳು.

ಈಗ ಕೈಗೆ ಬಂದ ಪತ್ರಿಕೆಯಲ್ಲೂ ಅದೇ ಇತ್ತು. ಆದರೆ ಮಗು ಅದರ ಮೇಲೆ ಸ್ಕೇಲಿಟ್ಟು ಗೆರೆ ಎಳೆದು, ಕೆಳಗೆ ಬೇರೆ ಬರೆದಿತ್ತು:

“ಇದು ನಿಜ ಅಲ್ಲ. ನಾನು ಪೂರ್ತಿ ಪುಸ್ತಕ ಓದಿದ್ದೇನೆ. ಅವಳು ಕಪ್ಪಗಿದ್ದಳು, ಆಳಿನ ಮಗಳು, ಅದಕ್ಕೇ ತಟ್ಟೆ ಬೇರೆ ಇಟ್ಟರು. ಅವಳು ತಪ್ಪು ತಿಳಿಯಲಿಲ್ಲ. ಸರಿಯಾಗಿಯೇ ತಿಳಿದಳು.”

ಮೇಡಂ ಎರಡು ಸಲ ಓದಿದಳು. ಉಳಿದ ಅಂಕ ಕೂಡಿದರೆ ಮೂವತ್ತೆರಡು, ಪಾಸಾಗಲು ಮೂವತ್ತೈದು ಬೇಕು. ನಾಲ್ಕಕ್ಕೆ ನಾಲ್ಕೂ ಹಾಕಿದಳು. ಮೂರು ದಿನದಲ್ಲಿ ಮೊದಲ ಸಲ ಖುಷಿಯಾಯಿತು.

ಆ ಖುಷಿ ಹತ್ತು ನಿಮಿಷ ಬಾಳಿತು. ತಿದ್ದಿದ್ದನ್ನು ಮತ್ತೆ ನೋಡುವ, ಹಸಿರು ಪೆನ್ನಿನ ಮುಖ್ಯ ಪರೀಕ್ಷಕರು ಅದೇ ಪತ್ರಿಕೆ ಹಿಡಿದು ಬಂದರು.

“ಏನಮ್ಮಾ ಇದು? ಮಾದರಿ ಉತ್ತರದಲ್ಲಿ ಇಲ್ವಲ್ಲ?”

“ಕಾದಂಬರೀಲಿ ಇದೆ ಸಾರ್.”

“ಕಾದಂಬರಿ ಯಾರಿಗಮ್ಮಾ ಬೇಕು? ಪಠ್ಯದಲ್ಲಿದೆಯಾ ಹೇಳಿ.”

“ಪಠ್ಯದಲ್ಲಿ ಕತ್ತರಿಸಿ ಹಾಕಿದ್ದಾರೆ. ಮಗು ಹುಡುಕಿ ಓದಿದೆ. ಅದಕ್ಕೆ ಶಿಕ್ಷೆನಾ?”

“ಶಿಕ್ಷೆ ಅಲ್ಲ, ಸೊನ್ನೆ.”

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅವಳು ತಟ್ಟೆಯ ಕತೆ ಹೇಳಿದಳು, ಬಣ್ಣದ ಕತೆ ಹೇಳಿದಳು, ಕಡೆಗೆ ಹಣೆ ಚಚ್ಚಿಕೊಂಡಳು. ಮುಖ್ಯ ಪರೀಕ್ಷಕರು ಕೆಟ್ಟವರೇನಲ್ಲ. ಮಗು ಫೇಲಾಗುವುದು ಅವರಿಗೂ ಬೇಕಿರಲಿಲ್ಲ. ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮುಖ ಅರಳಿಸಿದರು.

“ಹಾವೂ ಸಾಯಬಾರದು, ಕೋಲೂ ಮುರೀಬಾರದು. ಮೇಲೆ ಹೊಡೆದು ಹಾಕಿದಾನಲ್ಲ, ಅದು ಸರಿ ಉತ್ತರ. ಎರಡು ಉತ್ತರ ಇದ್ರೆ ಒಂದಕ್ಕೆ ಅಂಕ ಕೊಡಬಹುದು. ಅದಕ್ಕೆ ಮೂರು ಕೊಡಿ, ಪಾಸ್! ಕೆಳಗಿನದನ್ನ ನೀವೇ ಹೊಡೆದು ಹಾಕಿ.”

“ಮಗು ಬೇಡ ಅಂದದ್ದಕ್ಕೆ ಅಂಕ, ನಿಜ ಬರೆದದ್ದಕ್ಕೆ ಗೆರೆನಾ ಸಾರ್?”

“ಹಾಗಾದ್ರೆ ಬಿಡಿ, ಫೇಲಾಗ್ಲಿ.”

ಪತ್ರಿಕೆಯನ್ನು ಅವಳ ಮುಂದಿಟ್ಟು ಕಾದು ನಿಂತರು. ಮೇಡಂಗೆ ಪತ್ರಿಕೆಯನ್ನು ಅವರ ಮುಖಕ್ಕೆ ಎಸೆಯಬೇಕು ಅನ್ನಿಸಿತು. ಎಸೆದರೆ ಒಂದು ವರ್ಷ ಕಳೆದುಕೊಳ್ಳುವುದು ಅವಳಲ್ಲ, ಮುಖವನ್ನೂ ನೋಡಿರದ ಆ ಮಗು. ಕೆಂಪು ಪೆನ್ನು ತೆಗೆದು, ತಾನು ಹಾಕಿದ್ದ ನಾಲ್ಕನ್ನು ಹೊಡೆದಳು. ಮಗು ಹೊಡೆದು ಹಾಕಿದ್ದರ ಪಕ್ಕ ಮೂರು ಬರೆದಳು. ಆಮೇಲೆ ಕೆಳಗಿನ ಐದು ವಾಕ್ಯಗಳ ಮೇಲೆ ಒಂದೊಂದಾಗಿ ಗೆರೆ ಎಳೆದಳು. ಸ್ಕೇಲಿರಲಿಲ್ಲ, ಗೆರೆಗಳು ಸೊಟ್ಟಗಾದವು.

“ನೋಡಿ, ಎಲ್ಲರಿಗೂ ಒಳ್ಳೇದಾಯ್ತು” ಎಂದು ಮುಖ್ಯ ಪರೀಕ್ಷಕರು ಸಹಿ ಹಾಕಿದರು. ಅಷ್ಟರಲ್ಲಿ ಟೀ ಬಂತು. ಅವರು ತಟ್ಟೆಯಿಂದ ತಮ್ಮ ಪಿಂಗಾಣಿ ಕಪ್ಪು ಎತ್ತಿಕೊಂಡು, ಪೇಪರ್ ಲೋಟವನ್ನು ಅವಳತ್ತ ಸರಿಸಿದರು. “ಬೇಜಾರು ಮಾಡ್ಕೋಬೇಡಿ ಮೇಡಂ. ನಮ್ಮಿಬ್ಬರ ಮಧ್ಯೆ ಏನೋ ತಪ್ಪು ತಿಳುವಳಿಕೆ, ಅಷ್ಟೆ.”

ಅವಳು ಲೋಟ ಮುಟ್ಟಲಿಲ್ಲ.

“ಇಲ್ಲ ಸಾರ್” ಅಂದಳು. “ನಾನೂ ಸರಿಯಾಗೇ ತಿಳ್ಕೊಂಡಿದೀನಿ.”